ಗೊತ್ತಿದ್ದೂ ಬಿಡಲಾಗದ ಗೀಳು

ಹುಡುಗನಿಗೆ 14 ವರ್ಷ. ದಿನಕ್ಕೆ 3 ಗಂಟೆಗೂ ಮೀರಿ ಸ್ನಾನ ಮಾಡುತ್ತಿದ್ದ. ಬಟ್ಟೆ ತೊಟ್ಟುಕೊಳ್ಳಲು ಮತ್ತೆ 2 ಗಂಟೆ ಬೇಕಾಗುತ್ತಿತ್ತು. ಮೈಗೆ ಏನೋ ಅಂಟು ಮೆತ್ತಿಕೊಂಡಿದೆ ಎಂಬ ಭಾವನೆ ಅವನನ್ನು ಬಿಡುತ್ತಲೇ ಇರಲಿಲ್ಲ. ಸೋಪು ಯಾವ ಕೈಯಲ್ಲಿರಬೇಕು, ನೀರಿನಡಿ ಎಷ್ಟು ಹೊತ್ತು, ನೀರಿನಿಂದಾಚೆ ಎಷ್ಟು ಹೊತ್ತು ಎಂಬುದಕ್ಕೆಲ್ಲ ಅವನದೇ ಲೆಕ್ಕವಿತ್ತು. ಶಾಲೆ ಬಿಟ್ಟಾಗಿತ್ತು. ತಾಯಿ ಮೊದಮೊದಲು ತಡೆದು ನೋಡಿದರು. ಆಮೇಲೆ ಮಗನ ಸಂಕಟ ನೋಡಲಾರದೆ, ಅವನು ಮುಟ್ಟುವ ವಸ್ತುಗಳನ್ನೆಲ್ಲ ತಾವೇ ಆಲ್ಕೋಹಾಲ್ ಹಾಕಿ ಒರೆಸತೊಡಗಿದರು. ಹೊರಗಿನವರು ಮನೆಗೆ ಬರುವುದಕ್ಕೂ ತಡೆ ಬಿತ್ತು. ಅಮೆರಿಕದ ಮನೋವೈದ್ಯೆ ಜೂಡಿತ್ ರಾಪಪೋರ್ಟ್ ಈ ಹುಡುಗನನ್ನು ಚಾರ್ಲ್ಸ್ ಎಂಬ ಹೆಸರಿನಲ್ಲಿ ತಮ್ಮ ಬರಹಗಳಿಗೆ ತಂದರು. 1989ರಲ್ಲಿ ಬಂದ ಅವರ ‘ದಿ ಬಾಯ್ ಹೂ ಕುಡಂಟ್ ಸ್ಟಾಪ್ ವಾಷಿಂಗ್’ ಪುಸ್ತಕ ಮನೆಮಾತಾಯಿತು.

ಇಂಥ ಹುಡುಗನಿಗೆ ಸುತ್ತಲಿನವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಕೈ ಶುದ್ಧವಾಗಿಯೇ ಇದೆಯಲ್ಲೋ, ಬಿಡು.’ ಅದು ಅವನಿಗೂ ಗೊತ್ತಿದೆ. ನಮಗಿಂತ ಚೆನ್ನಾಗಿ ಗೊತ್ತಿದೆ. ಓಸಿಡಿ ಎಂದು ಕರೆಯುವ, ಕನ್ನಡದಲ್ಲಿ ಗೀಳು ಕಾಯಿಲೆ ಎನ್ನುವ ಈ ರೋಗದ ವಿಚಿತ್ರವೇ ಇದು. ಭ್ರಮೆಗೆ ಒಳಗಾದವನು ತನ್ನ ಭ್ರಮೆಯನ್ನು ನಿಜವೆಂದು ನಂಬುತ್ತಾನೆ. ಗೀಳು ಹಿಡಿದವರಲ್ಲಿ ಹೆಚ್ಚಿನವರು ನಂಬುವುದಿಲ್ಲ. ಇದು ಹುಚ್ಚು ಯೋಚನೆ, ಇದಕ್ಕೆ ಅರ್ಥವಿಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಲೇ ಎದ್ದು ಹೋಗಿ ನಲ್ಲಿ ತಿರುಗಿಸುತ್ತಾರೆ. ಬುದ್ಧಿ ಹೇಳಿ ಗುಣಪಡಿಸಬಹುದಾಗಿದ್ದರೆ ಅವರು ತಮ್ಮ ಕಾಯಿಲೆಯನ್ನು ತಾವೇ ಎಂದೋ ಗುಣಪಡಿಸಿಕೊಳ್ಳುತ್ತಿದ್ದರು. ರಾಪಪೋರ್ಟ್ ಅವರ ದೀರ್ಘ ವೃತ್ತಿಜೀವನದಿಂದ ಸಾಮಾನ್ಯ ಓದುಗರು ತಿಳಿಯಬಹುದಾದ ಸಂಗತಿ, ನನ್ನ ಮಟ್ಟಿಗೆ, ಇದೊಂದೇ. ಉಳಿದದ್ದೆಲ್ಲ ಇದರ ಹಿಂದುಮುಂದಿನ ಕಥೆ.

ಕಾಯಿಲೆಯಲ್ಲಿ ಎರಡು ಭಾಗಗಳಿವೆ. ಬೇಡವೆಂದರೂ ಮತ್ತೆ ಮತ್ತೆ ನುಗ್ಗಿ ಬರುವ ಯೋಚನೆ, ಚಿತ್ರ ಅಥವಾ ಒತ್ತಾಸೆ ಒಂದು. ಅದು ಹುಟ್ಟಿಸುವ ತಳಮಳವನ್ನು ತಗ್ಗಿಸಲು ಮಾಡಲೇಬೇಕು ಎನಿಸುವ ಕ್ರಿಯೆ ಇನ್ನೊಂದು. ತೊಳೆಯುವುದು ಈ ಕ್ರಿಯೆಗಳಲ್ಲಿ ಒಂದು ಮಾತ್ರ. ಬೀಗ, ಗ್ಯಾಸಿನ ರೆಗ್ಯುಲೇಟರ್, ಮೋಟರಿನ ಸ್ವಿಚ್ ಇವನ್ನು ಹತ್ತಾರು ಸಲ ನೋಡಿ ಬರುವವರಿದ್ದಾರೆ. ಗಾಡಿ ಓಡಿಸುವಾಗ ಚಕ್ರದಡಿ ಏನೋ ಕುಲುಕಿದಂತಾಗಿ, ಯಾರಿಗೋ ಗುದ್ದಿಬಿಟ್ಟೆನೇನೋ ಎಂದು ಬಂದ ದಾರಿಯಲ್ಲೇ ತಿರುಗಿ ಹೋಗಿ ಹುಡುಕುವವರಿದ್ದಾರೆ. ಹೊರಗೆ ಏನೂ ಕಾಣಿಸದೆ ಮನಸ್ಸಿನಲ್ಲೇ ಎಣಿಸುತ್ತ, ಜಪಿಸುತ್ತ ಕೂತವರಿದ್ದಾರೆ. ದೇವರ ಮುಂದೆ ಕೈಮುಗಿದು ನಿಂತಾಗಲೇ ಹೊಲಸು ಯೋಚನೆ ಬರುತ್ತದೆ ಎಂದು ಗುಡಿಗೆ ಹೋಗುವುದನ್ನೇ ಬಿಟ್ಟ ಭಕ್ತರಿದ್ದಾರೆ; ಎದೆಯಮೇಲೆ ಮಲಗಿದ ಕೂಸಿಗೆ ನಾನೇ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಚಿತ್ರ ಕಣ್ಮುಂದೆ ಬಂದು, ಅಡುಗೆಮನೆಯ ಚಾಕುಗಳನ್ನೆಲ್ಲ ಬಚ್ಚಿಡುವ ಬಾಣಂತಿಯರಿದ್ದಾರೆ. ಆ ಬಾಣಂತಿ ಮಗುವಿಗೆ ಏನೂ ಮಾಡುವುದಿಲ್ಲ. ಮಾಡಿಬಿಟ್ಟರೆ ಎಂಬ ಭಯವೇ ಅವಳ ಕಾಯಿಲೆ. ಮೇಜಿನ ಮೇಲಿನ ಪೆನ್ನು ಸೊಟ್ಟಗಿದ್ದರೆ ಸರಿಮಾಡಿ ‘ನಂಗೆ ಸ್ವಲ್ಪ ಓಸಿಡಿ ಕಣ್ರೀ’ ಎಂದು ನಗುವ ಬೆಂಗಳೂರಿನ ಆಫೀಸಿನ ಮಾತಿಗೂ ಈ ನರಳಾಟಕ್ಕೂ ಸಂಬಂಧವಿಲ್ಲ. ದಿನದಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ತಿನ್ನುವಷ್ಟು, ಅಥವಾ ಓದು, ಕೆಲಸ, ಸಂಸಾರ ಕೆಡಿಸುವಷ್ಟು ಆದಾಗ ವೈದ್ಯರು ಇದನ್ನು ಕಾಯಿಲೆ ಎನ್ನುತ್ತಾರೆ.

ರಾಪಪೋರ್ಟ್ ಹುಟ್ಟಿದ್ದು 1933ರಲ್ಲಿ, ನ್ಯೂಯಾರ್ಕ್ ನಗರದಲ್ಲಿ. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಓದಿ, ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ 1959ರಲ್ಲಿ ಪದವಿ ಪಡೆದರು. ಅವರು ಮನೋವೈದ್ಯಶಾಸ್ತ್ರಕ್ಕೆ ಕಾಲಿಟ್ಟಾಗ ಅಮೆರಿಕದ ಆ ಶಾಸ್ತ್ರದಲ್ಲಿ ಫ್ರಾಯ್ಡ್‌ನ ಮನೋವಿಶ್ಲೇಷಣೆಯದೇ ದರ್ಬಾರು. ಗೀಳಿಗೆ ಫ್ರಾಯ್ಡ್ ಕೊಟ್ಟ ವಿವರಣೆ 1909ರ ಒಂದು ಪ್ರಸಿದ್ಧ ರೋಗಿಯ ಕಥೆಯಿಂದ ಗಟ್ಟಿಯಾಗಿತ್ತು: ಬಾಲ್ಯದಲ್ಲಿ ಅದುಮಿಟ್ಟ ಸಿಟ್ಟು, ಆಸೆ, ಅದರ ಅಪರಾಧಪ್ರಜ್ಞೆ. ತೊಳೆಯುವವನ ಕೈಯಲ್ಲಿ ನಿಜವಾದ ಕೊಳೆಯಿಲ್ಲ, ಮನಸ್ಸಿನ ಕೊಳೆಯಿದೆ ಎಂಬ ಆ ವಿವರಣೆ ಕೇಳಲು ಚೆಂದ. ತೊಂದರೆಯೆಂದರೆ ವರ್ಷಗಟ್ಟಲೆ ಮನೋವಿಶ್ಲೇಷಕರ ಮಂಚದ ಮೇಲೆ ಮಲಗಿ ಮಾತಾಡಿದ ರೋಗಿಗಳು ತಮ್ಮ ಬಾಲ್ಯದ ಬಗ್ಗೆ ಬಹಳ ತಿಳಿದುಕೊಂಡರೇ ಹೊರತು ತೊಳೆಯುವುದನ್ನು ಬಿಡಲಿಲ್ಲ.

1960ರ ದಶಕದ ಆರಂಭದಲ್ಲಿ ರಾಪಪೋರ್ಟ್ ಸ್ವೀಡನ್ನಿನಲ್ಲಿ ಕೆಲಸ ಮಾಡಿದರು. ಅಲ್ಲಿನ ಮನೋವೈದ್ಯರು ದೇಹ, ಔಷಧ, ಅಳತೆ ಇವುಗಳ ಭಾಷೆಯಲ್ಲಿ ಮಾತಾಡುವವರು. ಆ ನಂಟು ಮುಂದೆ ಕೆಲಸಕ್ಕೆ ಬಂತು. ಅಮೆರಿಕಕ್ಕೆ ಮರಳಿದ ಅವರು ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ಸರ್ಕಾರಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಸೇರಿ, 1984ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದರ ಮಕ್ಕಳ ಮನೋವೈದ್ಯ ಶಾಖೆಯ ಮುಖ್ಯಸ್ಥೆಯಾಗಿದ್ದರು.

ಗೀಳಿನ ಕೆಲಸಕ್ಕೆ ಹೆಸರಾಗುವ ಮೊದಲೇ ಅವರು ಮಾಡಿದ ಒಂದು ಪ್ರಯೋಗವನ್ನು ಇಲ್ಲಿ ಹೇಳಬೇಕು. ಅವರ ಮನಸ್ಸು ಹೇಗೆ ಓಡುತ್ತಿತ್ತು ಎಂಬುದು ಅದರಲ್ಲೇ ಕಾಣುತ್ತದೆ. ಕೂತಲ್ಲಿ ಕೂರದ, ಗಮನ ನಿಲ್ಲದ ಮಕ್ಕಳಿಗೆ ಆಗ ಆಂಫೆಟಮಿನ್ ಜಾತಿಯ ಔಷಧ ಕೊಡುತ್ತಿದ್ದರು. ದೊಡ್ಡವರನ್ನು ಕೆರಳಿಸುವ ಔಷಧ ಈ ಮಕ್ಕಳನ್ನು ಮಾತ್ರ ಶಾಂತ ಮಾಡುತ್ತದಲ್ಲ, ಹಾಗಾದರೆ ಇವರ ಮೆದುಳೇ ಬೇರೆ ರೀತಿಯದಿರಬೇಕು ಎಂದು ವೈದ್ಯರು ತೀರ್ಮಾನಿಸಿಬಿಟ್ಟಿದ್ದರು. ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಅದೇ ಔಷಧ ಕೊಟ್ಟರೆ ಏನಾಗುತ್ತದೆ ಎಂದು ಯಾರೂ ನೋಡಿರಲಿಲ್ಲ. ರಾಪಪೋರ್ಟ್ ಮತ್ತು ಸಂಗಡಿಗರು 14 ಮಂದಿ ಆರೋಗ್ಯವಂತ ಹುಡುಗರಿಗೆ ಒಂದೇ ಸಲದ ಡೋಸ್ ಕೊಟ್ಟು ನೋಡಿ, ಫಲಿತಾಂಶವನ್ನು 1978ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಹುಡುಗರೂ ಹೆಚ್ಚು ಅಲುಗಾಡದೆ ಕೂತರು, ಅವರ ಗಮನವೂ ಹೆಚ್ಚಿತು. ಔಷಧಕ್ಕೆ ದೇಹ ತೋರುವ ಪ್ರತಿಕ್ರಿಯೆಯಿಂದಲೇ ರೋಗ ನಿರ್ಣಯಿಸುವ ವಾದ ಅಲ್ಲಿಗೆ ಬಿದ್ದುಹೋಯಿತು. ಹೋಲಿಸಿ ನೋಡಲು ಇನ್ನೊಂದು ಗುಂಪು ಇಲ್ಲದಿದ್ದರೆ ಸಿಕ್ಕ ಉತ್ತರಕ್ಕೆ ಬೆಲೆಯಿಲ್ಲ ಎಂಬ ಈ ಹಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಈಗ ಔಷಧದ ಕಥೆಗೆ ಬರೋಣ. ಕ್ಲೋಮಿಪ್ರಮಿನ್ ಎಂಬುದು ಸ್ವಿಟ್ಜರ್ಲೆಂಡಿನ ಗೈಗಿ ಕಂಪನಿ ಖಿನ್ನತೆಗೆಂದು ತಯಾರಿಸಿದ ಮಾತ್ರೆ. ಗೀಳು ಕಾಯಿಲೆಯವರಿಗೂ ಇದು ಉಪಯೋಗಕ್ಕೆ ಬರುತ್ತಿದೆ ಎಂದು 1960ರ ದಶಕದ ಕೊನೆಯಲ್ಲೇ ಸ್ಪೇನಿನ ವೈದ್ಯರು ಬರೆದಿದ್ದರು. 1980ರಲ್ಲಿ ಸ್ವೀಡನ್ನಿನ ಕರೋಲಿನ್ಸ್‌ಕಾ ಸಂಸ್ಥೆಯವರು ದೊಡ್ಡವರ ಮೇಲೆ ಕ್ರಮಬದ್ಧ ಪರೀಕ್ಷೆ ನಡೆಸಿ ಅದನ್ನೇ ಹೇಳಿದರು. ಅಮೆರಿಕದ ಅಂಗಡಿಗಳಲ್ಲಿ ಮಾತ್ರ ಈ ಮಾತ್ರೆ ಸಿಗುತ್ತಿರಲಿಲ್ಲ. ವಿಷಯ ತಿಳಿದ ಅಲ್ಲಿನ ರೋಗಿಗಳು ಕೆನಡಾದಿಂದ ತರಿಸಿಕೊಳ್ಳುತ್ತಿದ್ದರು. ರಾಪಪೋರ್ಟ್ ತಂಡ ಸಂಶೋಧನೆಗೆಂದು ಅನುಮತಿ ಪಡೆದು ಮಕ್ಕಳ ಮೇಲೆ ಪರೀಕ್ಷೆಗಿಳಿಯಿತು.

ಔಷಧ ಪರೀಕ್ಷೆ ಎಂದರೆ ಮಾತ್ರೆ ಕೊಟ್ಟು ‘ಹೇಗಿದೆ ಈಗ?’ ಎಂದು ಕೇಳುವುದಲ್ಲ. ವೈದ್ಯರು ಕಾಳಜಿಯಿಂದ ನೋಡಿಕೊಂಡರೆ ಸಾಕು, ಎಷ್ಟೋ ಜನಕ್ಕೆ ಅಷ್ಟರಿಂದಲೇ ಹಾಯೆನಿಸುತ್ತದೆ. ಆದ್ದರಿಂದ 1985ರಲ್ಲಿ ಮಾರ್ಟಿನ್ ಫ್ಲಮೆಂಟ್ ಮೊದಲಾದವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ 19 ಮಕ್ಕಳು, ಹದಿಹರೆಯದವರು 5 ವಾರ ನಿಜವಾದ ಮಾತ್ರೆಯನ್ನೂ 5 ವಾರ ಅದರಂತೆಯೇ ಕಾಣುವ, ಒಳಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ತೆಗೆದುಕೊಂಡರು. ಯಾವುದು ಯಾವಾಗ ಎಂಬುದು ಮಕ್ಕಳಿಗಾಗಲಿ, ಅವರನ್ನು ಪರೀಕ್ಷಿಸುವ ವೈದ್ಯರಿಗಾಗಲಿ ಗೊತ್ತಿರಲಿಲ್ಲ. ಹುಸಿ ಮಾತ್ರೆಯ ವಾರಗಳಲ್ಲಿ ಗೀಳು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಔಷಧದ ವಾರಗಳಲ್ಲಿ ಇಳಿಯಿತು. ಮಾತ್ರೆ ಖಿನ್ನತೆಯದಲ್ಲವೆ, ಖಿನ್ನತೆ ಇಳಿದದ್ದರಿಂದ ಗೀಳೂ ಇಳಿದಿರಬಹುದು ಎಂಬ ಸಂಶಯಕ್ಕೂ ಅಲ್ಲಿ ಉತ್ತರವಿತ್ತು: ಖಿನ್ನತೆ ಇಲ್ಲದ ಮಕ್ಕಳಲ್ಲೂ ಸುಧಾರಣೆ ಕಂಡಿತ್ತು.

ಆದರೂ ಒಂದು ಸಂದಿ ಉಳಿದಿತ್ತು. ಕ್ಲೋಮಿಪ್ರಮಿನ್ ನುಂಗಿದವರಿಗೆ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ಕೈ ನಡುಗುತ್ತದೆ. ಬಾಯಿ ಒಣಗಿದ ತಕ್ಷಣ ‘ಇದು ನಿಜವಾದ ಮಾತ್ರೆ’ ಎಂದು ಜಾಣ ಮಗು ಊಹಿಸಿಬಿಡಬಹುದು. ಅದಕ್ಕೇ ಹೆನ್ರಿಯೆಟ್ಟಾ ಲಿಯೊನಾರ್ಡ್ ಮುಂದಾಳಾಗಿದ್ದ, 1989ರಲ್ಲಿ ಬಂದ ಎರಡನೆಯ ಅಧ್ಯಯನದಲ್ಲಿ ಹುಸಿ ಮಾತ್ರೆಯ ಬದಲು ಡೆಸಿಪ್ರಮಿನ್ ಕೊಟ್ಟರು. ಅದೂ ಅದೇ ಕುಟುಂಬದ ಖಿನ್ನತೆಯ ಔಷಧ, ಅಡ್ಡಪರಿಣಾಮಗಳೂ ಬಹಳಷ್ಟು ಅಂಥವೇ. ವ್ಯತ್ಯಾಸವಿರುವುದು ಮೆದುಳಿನಲ್ಲಿ ಅವು ಮಾಡುವ ಕೆಲಸದಲ್ಲಿ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳಲ್ಲಿ ಸೆರೊಟೋನಿನ್ ಒಂದು, ನಾರ್‌ಎಪಿನೆಫ್ರಿನ್ ಇನ್ನೊಂದು. ಕ್ಲೋಮಿಪ್ರಮಿನ್ ಬಲವಾಗಿ ತಟ್ಟುವುದು ಸೆರೊಟೋನಿನ್ನಿನ ವ್ಯವಸ್ಥೆಯನ್ನು, ಡೆಸಿಪ್ರಮಿನ್ ಮುಖ್ಯವಾಗಿ ನಾರ್‌ಎಪಿನೆಫ್ರಿನ್ನಿನದನ್ನು. ಕ್ಲೋಮಿಪ್ರಮಿನ್‌ನಿಂದ ಗೀಳು ತಗ್ಗಿತು, ಡೆಸಿಪ್ರಮಿನ್‌ನಿಂದ ತಗ್ಗಲಿಲ್ಲ. ಮೊದಲು ಕ್ಲೋಮಿಪ್ರಮಿನ್ ಪಡೆದು ಚೇತರಿಸಿಕೊಂಡು ಆಮೇಲೆ ಡೆಸಿಪ್ರಮಿನ್‌ಗೆ ಬದಲಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಗೀಳು ಮರಳಿತು. ರಾಪಪೋರ್ಟ್ ಹೆಸರಿನಲ್ಲಿ ಜನ ನೆನಪಿಟ್ಟುಕೊಂಡಿರುವುದು ಪುಸ್ತಕವನ್ನು. ನನಗೆ ಅವರ ಕೆಲಸದಲ್ಲಿ ಮೇಲೆನಿಸುವುದು ಎದುರಿಗಿಡಲು ಡೆಸಿಪ್ರಮಿನ್ ಆರಿಸಿಕೊಂಡದ್ದು. ಅದೇ ವರ್ಷ ಸೂಸನ್ ಸ್ವೀಡೊ ಜತೆ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ತಮ್ಮ ತಲೆಗೂದಲನ್ನು ತಾವೇ ಕಿತ್ತುಕೊಳ್ಳುವ ಗೀಳಿನ ಹೆಂಗಸರಿಗೂ ಇವೆರಡನ್ನೇ ಹೋಲಿಸಿ ಕೊಟ್ಟರು. ಅಲ್ಲಿಯೂ ಕ್ಲೋಮಿಪ್ರಮಿನ್ ಗೆದ್ದಿತು. 1989ರ ಡಿಸೆಂಬರ್ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಗೀಳು ಕಾಯಿಲೆಗೆಂದೇ ಕ್ಲೋಮಿಪ್ರಮಿನ್‌ಗೆ ಒಪ್ಪಿಗೆ ಕೊಟ್ಟಿತು.

ಇಷ್ಟು ಹೊತ್ತಿಗೆ ಇನ್ನೊಂದು ಆಶ್ಚರ್ಯ ಬಯಲಿಗೆ ಬಂದಿತ್ತು. ಗೀಳು ಕಾಯಿಲೆ ಬಲು ಅಪರೂಪ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಹತ್ತು ಸಾವಿರಕ್ಕೆ ಐದು ಜನ ಎಂಬುದು ಆಗಿನ ಅಂದಾಜು. 1980ರ ದಶಕದ ಆರಂಭದಲ್ಲಿ ಅಮೆರಿಕದ ಐದು ನಗರಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ಕೇಳಿದ ಸಮೀಕ್ಷೆಯಲ್ಲಿ, ಬದುಕಿನಲ್ಲಿ ಎಂದಾದರೂ ಈ ಕಾಯಿಲೆ ಬಂದವರು ನೂರಕ್ಕೆ ಎರಡು-ಮೂರು ಜನ ಎಂದು ಕಂಡುಬಂತು. ಪ್ರಶ್ನೆ ಕೇಳಿದವರು ವೈದ್ಯರಲ್ಲದ ಕಾರಣ ಲೆಕ್ಕ ಸ್ವಲ್ಪ ಉಬ್ಬಿದೆ ಎಂಬ ಆಕ್ಷೇಪ ನಂತರ ಬಂತು, ಅದರಲ್ಲಿ ಹುರುಳೂ ಇದೆ. ರಾಪಪೋರ್ಟ್ ತಂಡ ನ್ಯೂಜೆರ್ಸಿಯಲ್ಲಿ 5 ಸಾವಿರಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಕೊಟ್ಟು, ಸಂಶಯ ಬಂದವರನ್ನು ವೈದ್ಯರಿಂದಲೇ ಮಾತಾಡಿಸಿ, 1988ರಲ್ಲಿ ತನ್ನ ಲೆಕ್ಕ ಮುಂದಿಟ್ಟಿತು: ಆಗ ಕಾಯಿಲೆಯಿದ್ದವರು ಸುಮಾರು ನೂರಕ್ಕೆ ಒಬ್ಬರು. ಹಳೆಯ ಅಂದಾಜಿಗಿಂತ ಇಪ್ಪತ್ತು ಪಟ್ಟು. ಆ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಅದುವರೆಗೆ ಯಾವ ವೈದ್ಯರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಯಾಕೆ ಬಿಡಲಿಲ್ಲ? ಅರ್ಥವಿಲ್ಲದ್ದು ಎಂದು ತನಗೇ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳುವುದು ಹೇಗೆ? ಗೀಳು ಹಿಡಿದವರು ನಟನೆಯಲ್ಲಿ ಪಳಗಿದವರು. ಶಾಲೆಯ ಬಚ್ಚಲಲ್ಲಿ ಯಾರೂ ಇಲ್ಲದ ಹೊತ್ತು ಕಾಯುತ್ತಾರೆ. ಎಣಿಕೆಯನ್ನು ಕೆಮ್ಮಿನಲ್ಲಿ, ಆಕಳಿಕೆಯಲ್ಲಿ ಮುಚ್ಚಿಡುತ್ತಾರೆ. ತಡವಾದದ್ದಕ್ಕೆ ಬಸ್ಸಿನ ನೆಪ ಹೇಳುತ್ತಾರೆ. ವೈದ್ಯರು ನೇರವಾಗಿ ಕೇಳದ ಹೊರತು ಹೇಳುವುದಿಲ್ಲ, ಅಪರೂಪದ ಕಾಯಿಲೆಯೆಂದು ವೈದ್ಯರೂ ಕೇಳುತ್ತಿರಲಿಲ್ಲ. 1987ರಲ್ಲಿ ಅಮೆರಿಕದ ಎಬಿಸಿ ವಾಹಿನಿಯ ‘20/20’ ಕಾರ್ಯಕ್ರಮ ಈ ಕಾಯಿಲೆಯನ್ನು ತೋರಿಸಿದಾಗ ಫೋನುಗಳು ಒಂದೇ ಸಮನೆ ಹೊಡೆದುಕೊಂಡವು. ತನ್ನೊಬ್ಬನಿಗೇ ಇದೆ ಎಂದುಕೊಂಡಿದ್ದವರು ಸಾವಿರಾರು ಮಂದಿ. ಆ ಅಲೆಯ ಮೇಲೆಯೇ ರಾಪಪೋರ್ಟ್ ಪುಸ್ತಕ ಬಂತು. ಅದರಲ್ಲಿ ಎಷ್ಟೋ ಬಗೆಯ ಗೀಳುಗಳ ಕಥೆಗಳಿದ್ದರೂ ಜನರ ತಲೆಯಲ್ಲಿ ಉಳಿದದ್ದು ಶೀರ್ಷಿಕೆಯ ಹುಡುಗ ಮಾತ್ರ. ಓಸಿಡಿ ಎಂದರೆ ಕೈ ತೊಳೆಯುವುದು ಎಂಬ ತಪ್ಪು ತಿಳಿವಳಿಕೆಗೆ ಈ ಒಳ್ಳೆಯ ಪುಸ್ತಕದ ಒಳ್ಳೆಯ ಶೀರ್ಷಿಕೆಯದೂ ಒಂದು ಪಾಲಿದೆ ಎನ್ನದೆ ವಿಧಿಯಿಲ್ಲ.

ನಮ್ಮಲ್ಲಿ ಮುಚ್ಚಿಡುವ ಕಷ್ಟವೂ ಎಷ್ಟೋ ಸಲ ಇಲ್ಲ, ಮಡಿಯ ಹೆಸರಿನಲ್ಲಿ ಅದು ಬಯಲಲ್ಲೇ ನಡೆದುಬಿಡುತ್ತದೆ. ಅತ್ತೆಯವರು ತುಂಬಾ ಮಡಿ ಎಂದರೆ ಮುಗಿಯಿತು, ಯಾರೂ ಮುಂದಕ್ಕೆ ಕೇಳುವುದಿಲ್ಲ. ಮಡಿಯೇ ಕಾಯಿಲೆ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ತಪ್ಪು. ಮಡಿಗೆ ಕಟ್ಟುಪಾಡಿದೆ, ಮೊದಲು-ಕೊನೆಯಿದೆ: ಸ್ನಾನವಾಯಿತು, ಒಗೆದು ಒಣಗಿಸಿದ ಸೀರೆ ಉಟ್ಟದ್ದಾಯಿತು, ಇನ್ನು ಒಲೆ ಹಚ್ಚಬಹುದು. ಅದನ್ನು ಪಾಲಿಸಿದವರಿಗೆ ನೆಮ್ಮದಿ ಸಿಗುತ್ತದೆ. ಗೀಳು ಹಿಡಿದವರಿಗೆ ಸಿಗದಿರುವುದು ಅದೇ. ಊಟಕ್ಕೆ ಕೂತವನಿಗೆ ಹೊಟ್ಟೆ ತುಂಬಿತೆಂದು ಗೊತ್ತಾಗುವುದು ತುತ್ತು ಎಣಿಸಿ ಅಲ್ಲ, ಒಳಗಿನಿಂದ ‘ಸಾಕು’ ಎನಿಸುತ್ತದೆ; ಗೀಳಿನಲ್ಲಿ ಆ ‘ಸಾಕು’ ಬರುವುದೇ ಇಲ್ಲ. ಬಾಗಿಲು ಹಾಕಿದ್ದು ಕಣ್ಣಿಗೆ ಕಂಡಿದೆ, ಚಿಲಕ ಕೈಗೆ ತಗುಲಿದೆ, ಆದರೂ ಹಾಕಿದ್ದಾಯಿತು ಎಂಬ ಸಮಾಧಾನ ಬರದು. ಅದು ಬರಲಿ ಎಂದು ಇನ್ನೊಮ್ಮೆ, ಮತ್ತೊಮ್ಮೆ. ಸಂಪ್ರದಾಯ ಕೇಳುವಷ್ಟನ್ನು ಮಾಡಿ ಮುಗಿಸಿದ ಮೇಲೂ ಆ ಅತ್ತೆ ಮತ್ತೆ ಬಚ್ಚಲಿಗೆ ಹೋಗುತ್ತಿದ್ದರೆ, ಹೋಗಿ ಅಳುತ್ತಿದ್ದರೆ, ಅದು ಮಡಿಯಲ್ಲ.

‘ಸಾಕು’ ಎನ್ನುವ ಈ ಭಾವನೆ ಮೆದುಳಿನ ಯಾವ ಭಾಗದಲ್ಲಿ ಕೆಟ್ಟಿದೆ? ರಾಪಪೋರ್ಟ್ ಮತ್ತು ಸ್ಟೀವನ್ ವೈಸ್ 1988ರಲ್ಲಿ ಒಂದು ಊಹೆ ಮಂಡಿಸಿದರು. ಮೆದುಳಿನ ಆಳದಲ್ಲಿ ಬೇಸಲ್ ಗ್ಯಾಂಗ್ಲಿಯಾ ಎಂಬ ನರಗಂಟುಗಳಿವೆ. ಚಲನೆ, ರೂಢಿಯಾದ ಕೆಲಸಗಳ ಸರಣಿ ಇವುಗಳಿಗೆ ಅವೂ ಬೇಕು. ಮೈ ಶುಚಿ ಮಾಡಿಕೊಳ್ಳುವುದು, ಅಪಾಯವಿದೆಯೇ ಎಂದು ಸುತ್ತ ನೋಡುವುದು ಇಂಥ ಪ್ರಾಣಿಸಹಜ ಕ್ರಿಯೆಗಳು ಅಲ್ಲಿ ಅಚ್ಚಾಗಿವೆ. ಗೀಳಿನಲ್ಲಿ ಕಾರಣವಿಲ್ಲದೆ ಅವು ಚಾಲೂ ಆಗಿ ನಿಲ್ಲದೆ ಓಡುತ್ತವೆ ಎಂಬುದು ಆ ಊಹೆ. ಇದಕ್ಕೆ ಒಂದು ಬೆಂಬಲ ಮಕ್ಕಳ ಆಸ್ಪತ್ರೆಯಿಂದ ಬಂತು. ಗಂಟಲು ಸೋಂಕಿನ ನಂತರ ಬರುವ ರುಮ್ಯಾಟಿಕ್ ಜ್ವರದಲ್ಲಿ ಕೆಲವು ಮಕ್ಕಳಿಗೆ ಕೈಕಾಲು ತಾವಾಗಿ ಕುಣಿಯುವ ಸಿಡೆನ್‌ಹ್ಯಾಮ್ ಕೊರಿಯಾ ಬರುತ್ತದೆ, ಅದರಲ್ಲಿ ಪೆಟ್ಟು ಬೀಳುವುದು ಬೇಸಲ್ ಗ್ಯಾಂಗ್ಲಿಯಾಕ್ಕೆ. ಕೊರಿಯಾ ಬಂದ ಮಕ್ಕಳನ್ನೂ, ರುಮ್ಯಾಟಿಕ್ ಜ್ವರವಿದ್ದು ಕೊರಿಯಾ ಬಾರದ ಮಕ್ಕಳನ್ನೂ ಸ್ವೀಡೊ ಹೋಲಿಸಿದರು. ಗೀಳಿನ ಲಕ್ಷಣಗಳು ಮೊದಲಿನವರಲ್ಲೇ ಹೆಚ್ಚು. ಈ ದಾರಿಯಲ್ಲೇ ಮುಂದುವರಿದು 1998ರಲ್ಲಿ ಅವರು, ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೇ ಮಕ್ಕಳಲ್ಲಿ ಏಕಾಏಕಿ ಗೀಳು ಬರುವ ‘ಪಾಂಡಾಸ್’ ಎಂಬ ಸ್ಥಿತಿಯನ್ನು ವಿವರಿಸಿದರು. ಅದು ಎಷ್ಟು ಮಕ್ಕಳಿಗೆ ನಿಜವಾಗಿ ಅನ್ವಯಿಸುತ್ತದೆ ಎಂಬ ಜಗಳ ಇನ್ನೂ ಮುಗಿದಿಲ್ಲ.

ನಾಯಿಗಳ ಪ್ರಸಂಗ ಇದಕ್ಕಿಂತ ಸ್ವಾರಸ್ಯದ್ದು. ಕೆಲವು ನಾಯಿಗಳು ಮುಂಗಾಲನ್ನು ರೋಮ ಉದುರಿ, ಚರ್ಮ ಹುಣ್ಣಾಗಿ ದಪ್ಪಗಟ್ಟುವವರೆಗೂ ನೆಕ್ಕುತ್ತಲೇ ಇರುತ್ತವೆ. ಮುಲಾಮು, ಪಟ್ಟಿ ಯಾವುದಕ್ಕೂ ಬಗ್ಗದ ತೊಂದರೆ ಎಂದು ಪಶುವೈದ್ಯರಿಗೆ ಹಳೆಯ ಪರಿಚಯ. ಇದೂ ಒಂದು ಬಗೆಯ ತೊಳೆಯುವ ಗೀಳಲ್ಲವೇ ಎಂದು ರಾಪಪೋರ್ಟ್ ಯೋಚಿಸಿದರು. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಕಿದವರ ಮನೆಯಲ್ಲೇ ಇದ್ದ ನಾಯಿಗಳಿಗೆ ಮಕ್ಕಳಿಗೆ ಕೊಟ್ಟ ಮಾತ್ರೆಗಳನ್ನೇ ಕೊಟ್ಟು ನೋಡಿದರು. ಕ್ಲೋಮಿಪ್ರಮಿನ್‌ನಿಂದ, ಸೆರೊಟೋನಿನ್ ಮೇಲೆ ಕೆಲಸ ಮಾಡುವ ಹೊಸ ಔಷಧಗಳಿಂದ ನೆಕ್ಕುವುದು ಕಡಿಮೆಯಾಯಿತು. ಡೆಸಿಪ್ರಮಿನ್‌ನಿಂದ ಆಗಲಿಲ್ಲ! ನಾಯಿಗೆ ಮಂಚದ ಮೇಲೆ ಮಲಗಿ ಬಾಲ್ಯ ಹೇಳಿಕೊಳ್ಳಲು ಬರುವುದಿಲ್ಲ. ವೈದ್ಯರ ಮೇಲಿನ ನಂಬಿಕೆಯಿಂದಲೇ ಅದು ಚೇತರಿಸಿಕೊಂಡಿತು ಎನ್ನುವಂತೆಯೂ ಇಲ್ಲ.

ಇಲ್ಲಿಗೆ ಎಲ್ಲವೂ ಸೆರೊಟೋನಿನ್ನಿನ ಕೊರತೆ, ಮಾತ್ರೆಯೊಂದೇ ಮದ್ದು ಎಂದು ಓದುಗರಿಗೆ ಅನಿಸಿದ್ದರೆ ತಡೆಯಬೇಕು. ಆ ಕಾಲದ ಉತ್ಸಾಹ ಹಾಗೆ ಅನಿಸುವಂತೆಯೇ ಮಾಡಿತ್ತು. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಔಷಧದಿಂದ ಕಾಯಿಲೆ ತಗ್ಗಿತೆಂದ ಮಾತ್ರಕ್ಕೆ ಸೆರೊಟೋನಿನ್ ಕಡಿಮೆಯಾದದ್ದೇ ಕಾಯಿಲೆಗೆ ಕಾರಣ ಎಂದಾಗುವುದಿಲ್ಲ. 1978ರ ಪ್ರಯೋಗದಲ್ಲಿ ಸ್ವತಃ ರಾಪಪೋರ್ಟ್ ಕೆಡವಿದ್ದು ಇಂಥದೇ ತರ್ಕವನ್ನು. ಔಷಧ ಎಲ್ಲರಿಗೂ ಹಿಡಿಯುವುದೂ ಇಲ್ಲ. ಚಾರ್ಲ್ಸ್ ಕಥೆಯನ್ನೇ ನೋಡಿ. ಮಾತ್ರೆ ಶುರುವಾದ ಒಂದು ತಿಂಗಳಿಗೆ ಅಂಟನ್ನು ಕಂಡರೆ ನಡುಗುತ್ತಿದ್ದ ಅವನು ಜೇನುತುಪ್ಪ ಸುರಿದು ಮುಟ್ಟುವಷ್ಟಾದ. ಆದರೆ ವರ್ಷ ಕಳೆಯುವಷ್ಟರಲ್ಲಿ ಔಷಧದ ಬಲ ಕುಂದಿ ತೊಳೆಯುವುದು ಮತ್ತೆ ಬಂತು. ಆದರೆ ಮೊದಲಿನಷ್ಟಲ್ಲ; ಅದನ್ನು ಸಂಜೆಯ ಹೊತ್ತಿಗೆ ಮುಂದೂಡಿ, ಹಗಲನ್ನು ಉಳಿಸಿಕೊಳ್ಳಲು ಅವನಿಗೆ ಆಗುತ್ತಿತ್ತು. ಈ ಭಾಗವನ್ನೂ ರಾಪಪೋರ್ಟ್ ಮುಚ್ಚಿಡದೆ ಬರೆದರು.

ಇನ್ನೊಂದು ಚಿಕಿತ್ಸೆ ಮಾತ್ರೆಯಿಲ್ಲದ್ದು. 1966ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್, ಯಾವುದಕ್ಕೂ ಜಗ್ಗದ ಗೀಳಿನ ಇಬ್ಬರು ರೋಗಿಗಳ ಬಗ್ಗೆ ಬರೆದರು. ಅವರು ಹೆದರುವ ವಸ್ತುವನ್ನು ಮುಟ್ಟಿಸುವುದು, ಮುಟ್ಟಿದ ಮೇಲೆ ತೊಳೆಯದಂತೆ ನೋಡಿಕೊಳ್ಳುವುದು, ಇಷ್ಟೇ ವಿಧಾನ. ತಳಮಳ ಏರುತ್ತದೆ, ತೊಳೆಯದಿದ್ದರೂ ಕೊಂಚ ಹೊತ್ತಿಗೆ ತಾನಾಗಿ ಇಳಿಯುತ್ತದೆ. ದಿನಾ ಹೀಗೆ ಮಾಡುತ್ತ ಹೋದಂತೆ ಏರುವುದೇ ಕಡಿಮೆಯಾಗುತ್ತದೆ. ಹೇಳಲು ಸುಲಭ, ಆದರೆ ಮಾಡುವವರಿಗೂ ಮಾಡಿಸುವವರಿಗೂ ಎದೆಗಾರಿಕೆ ಬೇಕು. ಬುದ್ಧಿ ಹೇಳುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಮನಿಸಿ: ಕೈ ಶುದ್ಧವಾಗಿದೆ ಎಂದು ಇಲ್ಲಿ ಯಾರೂ ವಾದಿಸುವುದಿಲ್ಲ, ವಾದ ಗೆಲ್ಲುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. 1992ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಲೂಯಿಸ್ ಬಾಕ್ಸ್‌ಟರ್ ತಂಡ, ಔಷಧದಿಂದ ಚೇತರಿಸಿಕೊಂಡವರ ಮತ್ತು ಹೀಗೆ ಅಭ್ಯಾಸದಿಂದ ಚೇತರಿಸಿಕೊಂಡವರ ಮೆದುಳಿನ ಚಿತ್ರಗಳನ್ನು ಹೋಲಿಸಿತು. ಇಬ್ಬರಲ್ಲೂ ಬೇಸಲ್ ಗ್ಯಾಂಗ್ಲಿಯಾದ ಒಂದೇ ಭಾಗದಲ್ಲಿ ಒಂದೇ ಬಗೆಯ ಬದಲಾವಣೆ ಕಂಡಿತು. ಚಿಕ್ಕ ಅಧ್ಯಯನ, ನಿಜ. ಆದರೂ ದೇಹದ ಕಾಯಿಲೆಯೋ ಮನಸ್ಸಿನ ಕಾಯಿಲೆಯೋ ಎಂದು ಕಿತ್ತಾಡುವವರಿಗೆ ಅದನ್ನು ತೋರಿಸಬೇಕು.

ರಾಪಪೋರ್ಟ್ 1990ರ ನಂತರ ಹೆಚ್ಚು ಹೊತ್ತು ಕೊಟ್ಟದ್ದು ಇನ್ನೂ ಕಠಿಣವಾದ ಬಾಲ್ಯದ ಸ್ಕಿಜೊಫ್ರೇನಿಯಾಕ್ಕೆ. ಬೆಳೆಯುವ ಮಕ್ಕಳ ಮೆದುಳನ್ನು ಮತ್ತೆ ಮತ್ತೆ ಎಂಆರ್‌ಐ ಮಾಡಿ ನೋಡಿದ, ಜೇ ಗೀಡ್ ಜತೆಗಿನ ಅವರ ತಂಡದ 1999ರ ವರದಿ ಹದಿಹರೆಯದಲ್ಲೂ ಮೆದುಳು ಬದಲಾಗುತ್ತಲೇ ಇರುತ್ತದೆ ಎಂಬುದಕ್ಕೆ ಇವತ್ತಿಗೂ ಸಾಕ್ಷಿಯಾಗಿ ಉಲ್ಲೇಖವಾಗುತ್ತದೆ.

ಬೆಂಗಳೂರಿಗೂ ಈ ಕಥೆಯಲ್ಲಿ ಜಾಗವಿದೆ. ಅಮೆರಿಕದಲ್ಲಿ ಈ ಗದ್ದಲವೆಲ್ಲ ನಡೆಯುತ್ತಿದ್ದ 1980ರ ದಶಕದ ಕೊನೆಯಲ್ಲೇ ನಿಮ್ಹಾನ್ಸ್‌ನ ಸುಮಂತ್ ಖನ್ನಾ ಮತ್ತು ಎಸ್. ಎಂ. ಚನ್ನಬಸವಣ್ಣ ನಮ್ಮ ರೋಗಿಗಳ ಗೀಳುಗಳು ಯಾವ ಯಾವ ಬಗೆಯವು ಎಂದು ವಿಂಗಡಿಸಿ ಬರೆದಿದ್ದರು. ನಂತರ ವೈ. ಸಿ. ಜನಾರ್ದನ ರೆಡ್ಡಿ ಅವರ ಮುಂದಾಳ್ತನದಲ್ಲಿ ಅಲ್ಲಿನ ಓಸಿಡಿ ಕ್ಲಿನಿಕ್ ಬೆಳೆಯಿತು. ಭಾರತೀಯ ಮನೋವೈದ್ಯರ ಸಂಘ 2017ರಲ್ಲಿ ಹೊರತಂದ ಚಿಕಿತ್ಸಾ ಮಾರ್ಗಸೂಚಿಯನ್ನು ಬರೆದವರೂ ಇವರು ಮತ್ತು ಇವರ ಸಹೋದ್ಯೋಗಿಗಳೇ. ಈಗ ಮೊದಲು ಕೊಡುವ ಔಷಧ ಕ್ಲೋಮಿಪ್ರಮಿನ್ ಅಲ್ಲ. ಅಡ್ಡಪರಿಣಾಮ ಕಡಿಮೆಯಿರುವ ಫ್ಲುಆಕ್ಸೆಟಿನ್, ಸರ್ಟ್ರಲಿನ್, ಫ್ಲುವೊಕ್ಸಮಿನ್‌ನಂಥವು. ಖಿನ್ನತೆಗೆ ಕೊಡುವುದಕ್ಕಿಂತ ಡೋಸ್ ಸಾಮಾನ್ಯವಾಗಿ ಹೆಚ್ಚು. ಪರಿಣಾಮ ತಿಳಿಯಲು 10-12 ವಾರ ಬೇಕು. ಹದಿನೈದು ದಿನಕ್ಕೆ ‘ಏನೂ ಆಗಲಿಲ್ಲ’ ಎಂದು ನಿಲ್ಲಿಸುವವರು, ಮೂರು ತಿಂಗಳಿಗೆ ‘ಗುಣವಾಯಿತು’ ಎಂದು ನಿಲ್ಲಿಸುವವರು ಇಬ್ಬರೂ ಮತ್ತೆ ವೈದ್ಯರ ಬಾಗಿಲಿಗೆ ಬರುತ್ತಾರೆ. ಚೇತರಿಸಿಕೊಂಡ ಮೇಲೂ ಒಂದೆರಡು ವರ್ಷ ಔಷಧ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಹೆದರಿಕೆಯನ್ನು ಎದುರಿಸುವ ಅಭ್ಯಾಸವನ್ನು ಇದರ ಜತೆಗೋ ಇದರ ಬದಲಿಗೋ ಮಾಡಿಸುತ್ತಾರೆ, ಆದರೆ ಅದನ್ನು ಬಲ್ಲವರು ಜಿಲ್ಲೆಗಳಲ್ಲಿ ಸಾಕಷ್ಟಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು.

ಮನೆಯವರಿಗೆ ಮಾತ್ರ ಇನ್ನೊಂದು ಕೆಲಸವಿದೆ. ಚಾರ್ಲ್ಸ್‌ನ ತಾಯಿ ಮಾಡಿದ್ದನ್ನು ಎಲ್ಲ ತಾಯಂದಿರೂ ಮಾಡುತ್ತಾರೆ: ಬೇರೆ ಬಕೆಟ್ಟು ಇಡುವುದು, ಬಾಗಿಲು ತಾವೇ ತೆರೆದುಕೊಡುವುದು, ‘ಅಮ್ಮಾ, ನನ್ನ ಕೈ ಸರಿಯಾಗಿದೆಯಾ?’ ಎಂಬ ಪ್ರಶ್ನೆಗೆ ದಿನಕ್ಕೆ ನೂರು ಸಲ ‘ಹೂಂ ಕಂದ’ ಎನ್ನುವುದು. ಪ್ರೀತಿಯಿಂದ ಮಾಡುವ ಈ ಉಪಕಾರಗಳು ಕಾಯಿಲೆಗೆ ಗೊಬ್ಬರ. ಹಾಗೆಂದು ನಾಳೆಯಿಂದ ಒಮ್ಮೆಲೆ ನಿಲ್ಲಿಸಿದರೆ ಮನೆ ರಣರಂಗವಾಗುತ್ತದೆ. ಚಿಕಿತ್ಸಕರ ಮುಂದೆ ಮಗುವನ್ನೂ ಕೂರಿಸಿಕೊಂಡು, ಅದರ ಒಪ್ಪಿಗೆಯಿಂದ, ಒಂದೊಂದಾಗಿ ಬಿಡುತ್ತ ಹೋಗಬೇಕು. ಮೊದಲ ವಾರ ಆ ಪ್ರಶ್ನೆಗೆ ಉತ್ತರ ಒಂದೇ ಸಲ. ಎರಡನೆಯ ಸಲ ಕೇಳಿದರೆ, ‘ಇದು ಗೀಳು ಕೇಳಿಸ್ತಿರೋ ಪ್ರಶ್ನೆ ಅಂತ ನಾವಿಬ್ಬರೂ ಮಾತಾಡಿಕೊಂಡಿದ್ದೆವಲ್ಲ, ಪುಟ್ಟಾ’ ಎಂದಷ್ಟೇ ಹೇಳಿ ಸುಮ್ಮನಾಗುವುದು. ಮಗು ಅತ್ತರೂ, ಸಿಟ್ಟಾದರೂ ದನಿ ಏರಿಸದೆ ಪಕ್ಕದಲ್ಲೇ ಕೂತಿರುವುದು. ಬಕೆಟ್ಟಿನ ಸರದಿ ಎರಡನೆಯ ವಾರಕ್ಕೆ.